ಹದಿನಾಲ್ಕು ನಾಲ್ಕು ಹದಿನಾರು: ತಡವಾಗಿ ಬಂದ ಒಳ್ಳೆಯ ನಂಬರು

ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2021ರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಹೈರಾಣಾಗಿಸಿದ್ದು ಪಾಠಕ್ಕಿಂತ ಹೆಚ್ಚಾಗಿ ‘ಪರೀಕ್ಷೆ ಉಂಟೋ ಇಲ್ಲವೋ’ ಎಂಬ ತೂಗುಯ್ಯಾಲೆ. ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಹತ್ತನೆಯವರು ಮಾತ್ರ ಜುಲೈ 19 ಮತ್ತು 22ರಂದು ಓಎಂಆರ್ ಹಾಳೆ ತುಂಬಿದರು. ಆಗ ವಿದ್ಯಾರ್ಥಿಗಳಿಗೆಂದೇ ಇದ್ದದ್ದು ಕೇಂದ್ರ ಶಿಕ್ಷಣ ಸಚಿವಾಲಯ 2020ರ ಜುಲೈನಲ್ಲಿ ಶುರುಮಾಡಿದ, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಉಚಿತ ಸಹಾಯವಾಣಿ ‘ಮನೋದರ್ಪಣ’. ನಂಬರು 8448440632, ವೇಳೆ ಬೆಳಿಗ್ಗೆ 8ರಿಂದ ರಾತ್ರಿ 8. ಎಡವಿದ್ದು ಆ ವೇಳೆಯಲ್ಲೇ. ಮನೆಗೊಂದೇ ಫೋನು, ಹಗಲೆಲ್ಲ ಅದರಲ್ಲಿ ತಮ್ಮನ ಕ್ಲಾಸು, ಪಕ್ಕದಲ್ಲೇ ಮನೆಮಂದಿ. ಎದೆ ಡವಗುಟ್ಟುವುದು ದೀಪ ಆರಿಸಿದ ಮೇಲೆ. ಹತ್ತಂಕಿಯ ನಂಬರು ಆ ಹೊತ್ತಿಗೆ ನೆನಪಿಗೆ ಬರುವುದೂ ಕಷ್ಟ.

ಈ ಎರಡೂ ಕೊರತೆ ನೀಗಿಸಿದ್ದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರು 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಹಿಂದೆ ನಿಂತಿರುವುದು ನಮ್ಮ ನಿಮ್ಹಾನ್ಸ್. ಶುರುವಾದದ್ದು ಮಾತ್ರ 2022ರ ಅಕ್ಟೋಬರ್ 10ಕ್ಕೆ, ಶಾಲೆಗಳ ಬೀಗ ತೆಗೆದಾದ ಮೇಲೆ! ಆದರೂ ಮುಂದಿನ ಸಲಕ್ಕೆ ಇದನ್ನೇ ಬಾಯಿಪಾಠ ಮಾಡಿಸಿ.

ಡಯಲ್ ಮಾಡಿ ಭಾಷೆ ಆರಿಸಿದರೆ ಮೊದಲು ಸಿಗುವುದು ತರಬೇತಾದ ಆಪ್ತಸಮಾಲೋಚಕರು. ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ‘ಯಾಕೋ ಬೇಜಾರು’ ಅಂದು ಸುಮ್ಮನಾದರೆ ಮಾತು ಮುಂದೆ ಹೋಗದು. ಎಷ್ಟು ದಿನದಿಂದ, ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತಿದೆಯೇ, ತಲೆಯಲ್ಲಿ ಪದೇ ಪದೇ ಸುತ್ತುವ ಯೋಚನೆ ಯಾವುದು, ಈ ನಾಲ್ಕನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಹಡಿಯ ಮೇಲೋ ಹಿತ್ತಲಲ್ಲೋ ಕೂತು, ಇಯರ್‌ಫೋನ್ ಹಾಕಿ ಮಾತಾಡಿ. ಅಪ್ಪ ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಕೂತರೆ ಮಗು ‘ಏನಿಲ್ಲ ಮೇಡಂ’ ಅಂದು ಇಟ್ಟುಬಿಡುತ್ತದೆ.

ಗಾಬರಿ ಇಳಿಸಲು ಉಸಿರಾಟವೂ ಒಂದು ದಾರಿ: ಮೂಗಿನಲ್ಲಿ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ, ಐದು ನಿಮಿಷ. ಮಕ್ಕಳು ತಪ್ಪುವುದು ಬಾಯಿ ತೆರೆದು ಭರಭರ ಎಳೆಯುವುದರಲ್ಲಿ. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮುಗುಡುತ್ತದೆ, ಗಾಬರಿ ಇಮ್ಮಡಿಯಾಗುತ್ತದೆ.

ಫೋನಿನ ಮಿತಿಯೂ ಗೊತ್ತಿರಲಿ. ಎರಡು ವಾರವಾದರೂ ನಿದ್ದೆ, ಊಟ ಹಳಿಗೆ ಬಾರದಿದ್ದರೆ ಮುಖಾಮುಖಿ ವೈದ್ಯರೇ ಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯದೆ, ಒಬ್ಬರನ್ನೇ ಬಿಡದೆ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ‘ಮನೋಚೈತನ್ಯ’ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ಇರುತ್ತದೆ. ನಿಮ್ಮೂರಿಗೆ ಯಾವ ಮಂಗಳವಾರ ಎಂದು ಕೇಳಿಕೊಂಡೇ ಬಸ್ಸು ಹತ್ತಿ.