ಕಡಲಬಂಡೆ ಮೇಲಿನ ಚಳಿಗಾಲದ ನಡಿಗೆಗೆ ಜಾಲರಿ ಶೂ

ಮೊದಲೇ ಹೇಳಿಬಿಡುತ್ತೇನೆ, ಇದು ವಾಟರ್‌ಪ್ರೂಫ್ ಶೂ ಅಲ್ಲ. ನನಗೆ ಇಷ್ಟವಾಗಿದ್ದೇ ಅದಕ್ಕೆ. ವಾಟರ್‌ಪ್ರೂಫ್ ಮಳೆಗೆ ಸರಿ. ಬಂಡೆಗಳ ನಡುವೆ ಒಂದು ಅಲೆ ಹಾರಿ ಮೇಲಿನಿಂದ ಒಳಗಿಳಿದರೆ ಮುಗೀತು, ಆ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ವಾಪಸ್ ಬರುವವರೆಗೂ ಪಚಪಚ. ಇದರ ಮೇಲ್ಭಾಗ ಪೂರ್ತಿ ಜಾಲರಿ, ಬಂದ ನೀರು ಹಾಗೇ ಹೊರಟುಹೋಗುತ್ತದೆ. ಕೊರೆಯುವ ಚಳಿಗೆ ಇದು ಆಗಿಬರುವುದಿಲ್ಲ. ಎಳೆಬಿಸಿಲಿನ ಹಗುರ ಚಳಿಯಲ್ಲಿ ಮಾತ್ರ ಸೊಗಸು. ಕಾಲು ಸ್ವಲ್ಪ ಹೊತ್ತು ತಣ್ಣಗಾಗುತ್ತದೆ, ನಡೆಯುತ್ತಾ ಹೋದಂತೆ ಬೆಚ್ಚಗಾಗುತ್ತದೆ. ಕಾಲುಚೀಲ ಉಣ್ಣೆಯದೇ ಇರಲಿ. ಹತ್ತಿಯದು ಒದ್ದೆಯಾದರೆ ಮೈಯೆಲ್ಲಾ ನಡುಗಿಸುತ್ತದೆ.

ಇನ್ನು ಹಿಡಿತ. ಸೋಲ್‌ನ ರಬ್ಬರ್ ಮೆತ್ತಗಿದೆ, ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತದೆ. ಹಾಗಾಗಿ ಒರಟು ಒಣಬಂಡೆಯನ್ನು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಬಾರ್ನಕಲ್ ಅನ್ನುವ ಪುಟ್ಟ ಚಿಪ್ಪುಜೀವಿಗಳು ಅಂಟಿರುವ ಬಿಳಿ ಪಟ್ಟಿಯ ಮೇಲಂತೂ ಇನ್ನೂ ಗಟ್ಟಿ. ಆದರೆ ಬೇರೆ ದಾರಿ ಇದ್ದರೆ ಅದನ್ನು ತುಳಿಯಬೇಡಿ. ಅವು ಕಲ್ಲಲ್ಲ, ಏಡಿ-ಸಿಗಡಿಗಳ ನೆಂಟರು. ಬಿದ್ದು ಕೈಯೂರಿದರೆ ಅಂಗೈ ಕೊಯ್ದುಹೋಗುತ್ತದೆ ಕೂಡ. ಹಸಿರು ಪಾಚಿ ಮೇಲೆ? ಜಾರುತ್ತದೆ. ಅದಕ್ಕಿಂತ ಮೇಲಿರುವ ಕಪ್ಪು ಪಟ್ಟಿಯೂ ಅಷ್ಟೇ, ಒಣಗಿದ್ದಾಗ ಸಾಧು, ಒದ್ದೆಯಾದರೆ ಎಣ್ಣೆ ಸುರಿದ ಹಾಗೆ. ಡಬ್ಬಿ ಮೇಲೆ ‘ಎಲ್ಲಿ ಬೇಕಾದರೂ ಹಿಡಿತ’ ಅಂತ ಬರೆದುಕೊಂಡಿದ್ದಾರೆ. ಬರೆಯೋಕೇನು ಕಷ್ಟ, ಅಲ್ವಾ?

ಶೂ ಎಷ್ಟೇ ಚೆನ್ನಾಗಿರಲಿ, ನೀರು ಇಳಿಯುವಾಗಲೇ ಹೊರಡಬೇಕು. ಆಗ ಮೇಲಿನ ಬಂಡೆಗಳು ಒಣಗುತ್ತಾ ಬರುತ್ತವೆ. ನಿನ್ನೆಯ ಸಮಯ ಇವತ್ತಿಗೆ ಹೊಂದುವುದಿಲ್ಲ, ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿದು, ಬೇರೆ ದಿನ ಕಾಣದ ಬಂಡೆಗಳೂ ಹೊರಬೀಳುತ್ತವೆ. ಪುಟ್ಟ ಹೊಂಡಗಳಲ್ಲಿ ಬಗ್ಗಿ ನೋಡುವುದಕ್ಕೆ ಅದೇ ಒಳ್ಳೆಯ ಹೊತ್ತು. ನೀರು ಹಿಂದೆ ಹೋದಷ್ಟೇ ಜೋರಾಗಿ ಮೇಲೂ ಬರುತ್ತದೆ, ನೆನಪಿರಲಿ.

ದೂರು ಎರಡಿವೆ. ಲೇಸ್ ತೂತುಗಳ ಲೋಹದ ಬಳೆಗಳು ಆಗಲೇ ತುಕ್ಕು ಹಿಡಿದಿವೆ. ಉಪ್ಪುನೀರಿನ ಹತ್ತಿರ ಲೋಹ ಯಾಕೆ ಬೇಕಿತ್ತೋ! ಜಾಲರಿಯೊಳಗೆ ಸಣ್ಣ ಮರಳೂ ನುಗ್ಗುತ್ತದೆ. ಪ್ರತಿಸಲ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬೆಂಕಿ, ಹೀಟರ್ ಹತ್ತಿರ ಇಟ್ಟರೆ ಸೋಲ್‌ನ ಅಂಟು ಬಿಡುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೊಳ್ಳುವಾಗ ಅರ್ಧ ಸೈಜ್ ದೊಡ್ಡದು ನೋಡಿ, ಉಣ್ಣೆ ಕಾಲುಚೀಲಕ್ಕೆ ಜಾಗ ಬೇಕಲ್ಲ.