ಆಷಾಢದ ಗಾಳಿಗೆ ಯಾವ ವೀಲ್? ಬನ್ನೂರು ರಸ್ತೆಯಲ್ಲಿ ಓಡಿಸಿ ನೋಡಿದ್ದು

ಸೈಕಲ್ ಟೈಮ್ ಟ್ರಯಲ್‌ಗೆ, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ರೇಸಿಗೆ, ಒಳ್ಳೆಯ ವೀಲ್ ಬೇಕು, ಕೈಯಲ್ಲಿರುವುದು 50 ಸಾವಿರ. ಹೋದ ವರ್ಷ ನಾನಿದ್ದದ್ದು ಇದೇ ಲೆಕ್ಕದಲ್ಲಿ. ಕೊನೆಗೆ ಮೂರು ಬಗೆ ಓಡಿಸಿ ನೋಡಿದೆ. ಒಂದು, ಸೈಕಲ್ ಜೊತೆ ಬಂದ ಅಲ್ಯೂಮಿನಿಯಂ ವೀಲ್. ಎರಡು, ಅದೇ ವೀಲಿನ ಹಿಂದಿನದಕ್ಕೆ, ಕಡ್ಡಿಗಳು ಗಾಳಿ ಕಡೆಯದ ಹಾಗೆ, ಪ್ಲಾಸ್ಟಿಕ್ ಹಾಳೆಯ ಕವರ್. ಮೂರು, ಚೀನಾದಿಂದ ತರಿಸಿದ, ರಿಮ್ 50 ಎಂಎಂ ಎತ್ತರ ಇರುವ ಕಾರ್ಬನ್ ಜೋಡಿ. ಕಸ್ಟಮ್ಸ್ ಸುಂಕ ಸೇರಿ ಅದಕ್ಕೆ 46 ಸಾವಿರ ಆಯಿತು.

ಮೈಸೂರಿನ ರಿಂಗ್ ರೋಡ್ ದಾಟಿದ ಮೇಲೆ ಬನ್ನೂರು ರಸ್ತೆಯಲ್ಲಿ 10 ಕಿಲೋಮೀಟರ್ ಹೋಗಿ, ತಿರುಗಿ 10 ಕಿಲೋಮೀಟರ್ ವಾಪಸ್. ಹೋಗಿ ಬಂದರೆ ಎದುರುಗಾಳಿ, ಹಿಂಗಾಳಿ ಒಂದು ಮಟ್ಟಿಗೆ ಸರಿಹೋಗುತ್ತದೆ. ಬೆಂಗಳೂರು ಹೆದ್ದಾರಿಯ ಮುಖ್ಯ ದಾರಿಯಲ್ಲಿ ಸೈಕಲ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲಿ ಹಂಪ್ ಜಾಸ್ತಿ. ಅದಕ್ಕೇ ಈ ರಸ್ತೆ. ಗೆಳೆಯನ ಪವರ್ ಮೀಟರ್ ಪೆಡಲ್ (ತುಳಿಯುವ ಶಕ್ತಿಯನ್ನು ವಾಟ್‌ನಲ್ಲಿ ತೋರಿಸುವುದು) ಹಾಕಿಕೊಂಡು ಪ್ರತಿ ಸಲವೂ 200 ವಾಟ್‌ನಲ್ಲೇ ತುಳಿದೆ. ಬಟ್ಟೆ ಅದೇ, ಹೆಲ್ಮೆಟ್ ಅದೇ, ಟೈರಿನ ಗಾಳಿಯೂ ಅಷ್ಟೇ.

ಬೆಳಿಗ್ಗೆ ಐದೂವರೆಗೆ, ಎಲೆ ಅಲ್ಲಾಡದ ಹೊತ್ತಿನಲ್ಲಿ, ಹಳೇ ವೀಲ್ ಮತ್ತು ಹಳೇ ಟೈರಿನಲ್ಲಿ 36 ನಿಮಿಷ 10 ಸೆಕೆಂಡ್. ಆಮೇಲೆ ಟೈರ್ ಮಾತ್ರ ಬದಲಾಯಿಸಿದೆ. ದಪ್ಪ ರಬ್ಬರಿನ ಪ್ರಾಕ್ಟೀಸ್ ಟೈರ್ ತೆಗೆದು ರೇಸ್ ಟೈರ್ ಹಾಕಿದೆ. 35:15 ಬಂತು. ಟೈರ್ ಒಂದರಿಂದಲೇ 55 ಸೆಕೆಂಡ್! ಇದನ್ನು ಮೊದಲು ಹೇಳಲೇಬೇಕು. ಒಳ್ಳೆಯ ಟೈರ್ ಹಾಕದೆ ಯಾರೂ ವೀಲಿಗೆ ದುಡ್ಡು ಹಾಕಬೇಡಿ. ಇಲ್ಲಿಂದ ಮುಂದೆ ಮೂರಕ್ಕೂ ಅದೇ ಟೈರ್.

ಕವರ್ ಹಾಕಿದ ಮೇಲೆ 34:55. ಕಾರ್ಬನ್ ಜೋಡಿಯಲ್ಲಿ 34:40. ಇಷ್ಟೇ ನೋಡಿದರೆ ಕಾರ್ಬನ್ ಗೆದ್ದಿತು ಅಲ್ವಾ? ನಾನೂ ಹಾಗೇ ಅಂದುಕೊಂಡೆ.

ಆದರೆ ನಮ್ಮ ಕಡೆ ಆಷಾಢದ ಗಾಳಿ ಸಾಮಾನ್ಯವಲ್ಲ. ಸಂಜೆ ನಾಲ್ಕಕ್ಕೆ ಅದೇ ರಸ್ತೆಗೆ ಹೋದೆ. ಕಬ್ಬು ಎದ್ದು ನಿಂತ ಕಡೆ ಏನೂ ಗೊತ್ತಾಗುವುದಿಲ್ಲ, ಕಬ್ಬೇ ಗೋಡೆ. ಕಟಾವಾದ ಗದ್ದೆ ಬಂದ ತಕ್ಷಣ ಪಕ್ಕದಿಂದ ಯಾರೋ ಹ್ಯಾಂಡಲ್ ಹಿಡಿದು ಎಳೆದ ಹಾಗೆ. ಎತ್ತರದ ರಿಮ್ ಮುಂದೆ ಇದ್ದರೆ ಅಡ್ಡಗಾಳಿ ಅದನ್ನು ತಳ್ಳುವುದಷ್ಟೇ ಅಲ್ಲ, ಹ್ಯಾಂಡಲನ್ನೇ ತಿರುಗಿಸುತ್ತದೆ. ಹಿಂದಿನ ವೀಲಿಗೆ ಆ ತೊಂದರೆ ಇಲ್ಲ. ಅದು ಹ್ಯಾಂಡಲಿಗೆ ಸೇರಿಲ್ಲವಲ್ಲ. ಹಿಂದೆ ಬರುತ್ತಿದ್ದ ಮಂಡ್ಯದ ಹುಡುಗ ಕೂಗಿದ: "ಅಣ್ಣ, ಸೈಕಲ್ ಓಲಾಡ್ತಾ ಇದೆ, ಮೇಲೆ ಎದ್ದು ಹಿಡ್ಕೊಳ್ಳಿ!" ಎದ್ದು ಕುಳಿತೆ. ಅಲ್ಲಿಗೆ ಲಾಭವೆಲ್ಲ ಹೋಯಿತು. ಗಾಳಿಯ ತಡೆಯಲ್ಲಿ ಮುಕ್ಕಾಲು ಪಾಲು ನಮ್ಮ ಮೈಯದ್ದೇ. ವೀಲ್ ಉಳಿಸಿಕೊಡುವುದು ಕೆಲವೇ ವಾಟ್. ಬಗ್ಗಿದ ಬೆನ್ನು ಎತ್ತಿದರೆ ಅದರ ಎಷ್ಟೋ ಪಟ್ಟು ಕಳೆದುಕೊಳ್ಳುತ್ತೇವೆ.

ಆ ಸಂಜೆ ಕಾರ್ಬನ್ ಜೋಡಿಯಲ್ಲಿ 36:20. ಮಾರನೇ ದಿನ ಹೆಚ್ಚುಕಡಿಮೆ ಅಂಥದ್ದೇ ಗಾಳಿಯಲ್ಲಿ ಕವರ್ ಹಾಕಿದ ಅಲ್ಯೂಮಿನಿಯಂ 35:45. ಎಲ್ಲೂ ಎದ್ದು ಕೂರಬೇಕಾಗಲಿಲ್ಲ. ಆಮೇಲೆ ಮುಂದೆ ಅಲ್ಯೂಮಿನಿಯಂ, ಹಿಂದೆ ಕಾರ್ಬನ್ ಹಾಕಿ ನೋಡಿದೆ. 35:50. ಐದು ಸೆಕೆಂಡಿನ ವ್ಯತ್ಯಾಸವನ್ನು ನಾನು ವ್ಯತ್ಯಾಸ ಅನ್ನುವುದಿಲ್ಲ. ಎರಡೂ ಒಂದೇ.

ಕವರ್ ಮಾಡುವುದು ಕಷ್ಟವಲ್ಲ. ತೆಳು ಪ್ಲಾಸ್ಟಿಕ್ ಹಾಳೆ ತಂದು ಎರಡು ದುಂಡನೆಯ ತುಂಡು ಕತ್ತರಿಸಿ, ಕಡ್ಡಿಗಳ ನಡುವೆ ಕೇಬಲ್ ಟೈ ತೂರಿಸಿ ಬಿಗಿದೆ. ರಿಮ್ ಬ್ರೇಕ್ ಇದ್ದರೆ ಬ್ರೇಕ್ ಪ್ಯಾಡ್ ತಾಗುವ ಜಾಗಕ್ಕಿಂತ ಒಳಗೇ ಹಾಳೆ ನಿಲ್ಲಬೇಕು. ಗಿಯರ್ ಕಡೆ ಕ್ಯಾಸೆಟ್‌ಗೆ (ಹಲ್ಲಿನ ಚಕ್ರಗಳ ಗುಂಪಿಗೆ) ತೂತು ದೊಡ್ಡದಾಗಿರಲಿ. ಗಾಳಿ ತುಂಬುವ ವಾಲ್ವ್ ಹತ್ತಿರ ಪುಟ್ಟ ಬಾಗಿಲು ಕತ್ತರಿಸಿ ಟೇಪ್ ಅಂಟಿಸಿದರೆ ಸಾಕು. ಓಡುವಾಗ ಗುಂಯ್ ಅನ್ನುತ್ತದೆ. ನನಗಂತೂ ಆ ಸದ್ದು ಇಷ್ಟ. ಒಟ್ಟು ಖರ್ಚು 600 ರೂಪಾಯಿ. ಒಂದೇ ಎಚ್ಚರಿಕೆ: ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ನಿಯಮ ಪಾಲಿಸುವ ರೇಸಿನಲ್ಲಿ ಹೀಗೆ ಮೇಲಿಂದ ಕಟ್ಟಿದ ಕವರ್ ನಡೆಯುವುದಿಲ್ಲ. ಹೆಸರು ಕೊಡುವ ಮೊದಲೇ ಕೇಳಿಕೊಳ್ಳಿ.

ಕಾರ್ಬನ್ ಬಗ್ಗೆ ಇನ್ನೆರಡು ಮಾತು. ನನ್ನದು ರಿಮ್ ಬ್ರೇಕ್ ಸೈಕಲ್. ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಇದ್ದರೆ ಕಾರ್ಬನ್ ರಿಮ್ ಬೇಗ ಕಾಯುತ್ತದೆ. ಅಲ್ಯೂಮಿನಿಯಂ ಬಿಡುವ ಹಾಗೆ ಅದು ಶಾಖ ಹೊರಗೆ ಬಿಡುವುದಿಲ್ಲ. ತುಂಬಾ ಕಾದರೆ ಒಳಗಿನ ಅಂಟು ಮೆದುವಾಗಿ ರಿಮ್ಮೇ ಕೆಡಬಹುದು. ಕಾವು ತಡೆಯದ ತೆಳು ಲೇಟೆಕ್ಸ್ ಟ್ಯೂಬ್ ಅಂತೂ ಇಂಥ ಇಳಿಜಾರಿಗೆ ಬೇಡವೇ ಬೇಡ. ಇನ್ನೊಂದು, ನನ್ನ ಕಾರ್ಬನ್ ವೀಲಿನಲ್ಲಿ ನಿಪ್ಪಲ್ (ಕಡ್ಡಿ ಬಿಗಿಯುವ ಪುಟ್ಟ ನಟ್) ರಿಮ್ ಒಳಗಡೆ ಇವೆ. ಬೆಂಡ್ ತೆಗೆಯಲು ಟೈರ್, ಟ್ಯೂಬ್, ಟೇಪ್ ಎಲ್ಲ ಬಿಚ್ಚಬೇಕು. ಒಂದು ಅಂಗಡಿಯಲ್ಲಿ ಅದು ಗೊತ್ತಿಲ್ಲದೆ ಕಡ್ಡಿಯನ್ನೇ ಇಕ್ಕಳದಲ್ಲಿ ತಿರುಚಿದರು. ಎರಡು ಕಡ್ಡಿ ಹಾಳಾದವು. ಅಂಥ ಕಡ್ಡಿ ಇಲ್ಲಿ ಸಿಗಲಿಲ್ಲ, ಮೂರು ವಾರ ಕಾದೆ.

ತೂಕದ ಚಿಂತೆ ಬಿಡಿ. ನಾನು, ಸೈಕಲ್ ಸೇರಿ 80 ಕಿಲೋ. ವೀಲಿನಲ್ಲಿ 400 ಗ್ರಾಂ ಇಳಿದರೆ ಅರ್ಧ ಪರ್ಸೆಂಟ್. ಬೆಟ್ಟಕ್ಕೆ 20 ನಿಮಿಷ ಹತ್ತಿದರೆ ಉಳಿಯುವುದು ಆರು ಸೆಕೆಂಡ್.

ಇವತ್ತು ಯಾರಾದರೂ 50 ಸಾವಿರ ಹಿಡಿದು ಬಂದರೆ ನಾನು ಹೇಳುವುದು: ರೇಸ್ ಟೈರ್ ಜೋಡಿ, ಹಿಂದಿನ ವೀಲಿಗೆ ಕವರ್. ಮುಂದಿನ ವೀಲಿನ ರಿಮ್ ಎತ್ತರ 30 ಎಂಎಂ ಆಸುಪಾಸು ಇರಲಿ. ಅದರ ರಿಮ್ ಟೈರಿಗಿಂತ ಸ್ವಲ್ಪ ಅಗಲ ಇದ್ದರೆ ಗಾಳಿ ಸಲೀಸಾಗಿ ಹರಿಯುತ್ತದೆ. ಕವರ್ ಬಿಡದ ರೇಸುಗಳೇ ಜಾಸ್ತಿ ಇದ್ದರೆ ಹಿಂದಿನದೊಂದು ಮಾತ್ರ ಕಾರ್ಬನ್ ತೆಗೆದುಕೊಳ್ಳಿ.

ನನ್ನ ಮುಂದಿನ 50 ಎಂಎಂ ವೀಲನ್ನು ಮಾರಿಲ್ಲ. ಗೋಡೆಗೆ ನೇತುಹಾಕಿದ್ದೇನೆ. ಧನುರ್ಮಾಸದ ಬೆಳಗಿನಲ್ಲಿ ಬನ್ನೂರು ರಸ್ತೆಯ ಮೇಲೆ ಮಂಜು ಕೂತಲ್ಲೇ ಕೂತಿರುತ್ತದೆ, ಗಾಳಿಯೇ ಇರುವುದಿಲ್ಲ. ಆಗ ಹಾಕುತ್ತೇನೆ. ರಸ್ತೆಯಲ್ಲಿ ಹುರುಳಿ, ರಾಗಿ ಹರವಿದ ಕಡೆ ಮಾತ್ರ ನಿಧಾನ.