ತ್ರಿಕೋನದ ವಾಚು ಡ್ರಾಯರಿನಲ್ಲಿ, ಟಿವಿ ವಾಚು ಕೈಯಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಟಿವಿ ವಾಚಿನ ಕಡೆಗೇ. ಅಂದರೆ ಮಾವ ಕೊಟ್ಟ ಹಳೇ ಎಚ್‌ಎಂಟಿ. ಚೌಕ, ಆದರೆ ಮೂಲೆಗಳು ದುಂಡಗೆ, ಹಳೇ ಟಿವಿ ಪರದೆ ಥರ. ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಾ ಕೀ ಕೊಡಬೇಕು. ಅದರ ಎದುರು ನಿಂತದ್ದು ನಾನೇ ದುಡ್ಡು ಕೊಟ್ಟು ತರಿಸಿದ ತ್ರಿಕೋನ ವಾಚು, 2,800 ರೂಪಾಯಿ.

ತ್ರಿಕೋನದ ಹುಚ್ಚು ಹತ್ತಿದ್ದು ಹ್ಯಾಮಿಲ್ಟನ್ ವೆಂಚುರಾದ ಫೋಟೋ ನೋಡಿ. 1957ರಲ್ಲಿ ಬಂದ ವಾಚು, ಕೀ ಕೊಡೋದು ಬೇಡ, ಸೆಲ್‌ನಲ್ಲಿ ಓಡುತ್ತಿತ್ತು. ಒಳಗಿರೋದು ಹೊಸದು ಅಂತ ಹೊರಗಿನಿಂದಲೇ ಗೊತ್ತಾಗಲಿ ಅಂತಲೋ ಏನೋ, ಗುರಾಣಿ ಥರ ವಿಚಿತ್ರ ಆಕಾರ ಕೊಟ್ಟರು. ಅದು ನನ್ನ ಜೇಬಿಗೆ ನಿಲುಕುವ ಮಾತಲ್ಲ. ಅದೇ ಛಾಯೆಯ ಅಗ್ಗದ್ದನ್ನು ತರಿಸಿದೆ.

ಮೊದಲ ತಿಂಗಳು ಮಜಾ ಇತ್ತು, ಸುಳ್ಳು ಹೇಳಲ್ಲ. ಬಸ್ಸಿನಲ್ಲಿ ಪಕ್ಕದವರು ಬಗ್ಗಿ ನೋಡೋರು. ಆಫೀಸಿನಲ್ಲಿ ಒಬ್ಬರು "ಇದ್ರಲ್ಲಿ ಟೈಮ್ ಹೆಂಗೆ ನೋಡ್ತೀರಾ?" ಅಂದರು. ದುಂಡು ವಾಚು ಕಟ್ಟಿದಾಗ ಯಾರೂ ಹಾಗೆ ಕೇಳಿರಲಿಲ್ಲ.

ಎಂಟನೇ ತಿಂಗಳು ಬೆಲ್ಟ್ ಹರಿಯಿತು.

ಬೆಲ್ಟ್ ತಾನೇ, ಹತ್ತು ನಿಮಿಷದ ಕೆಲಸ ಅಂದುಕೊಂಡು ಅವೆನ್ಯೂ ರೋಡಿಗೆ ಹೋದೆ. ಅಂಗಡಿಯವರು ಕೈಯಲ್ಲಿ ತೆಗೆದುಕೊಂಡರು, ತಿರುಗಿಸಿದರು, ಸ್ಕೇಲ್ ಇಟ್ಟರು. "ಸಾರ್, ಮೇಲಿನದು ಒಂದು ಅಳತೆ, ಕೆಳಗಿನದು ಒಂದು ಅಳತೆ. ಪಿನ್ನೂ ಓರೆ ಇದೆ." ಎರಡನೇ ಅಂಗಡಿಯಲ್ಲಿ 18 ಎಂಎಂ ಬೆಲ್ಟ್ ತುರುಕಿ ನೋಡಿದರು. ಒಂದು ಪಕ್ಕ ಕೂತಿತು, ಇನ್ನೊಂದು ಪಕ್ಕ ಬೆರಳು ತೂರುವಷ್ಟು ಸಂದಿ. ಮೂರನೆಯವರು ಮುಟ್ಟಲೇ ಇಲ್ಲ, ನಕ್ಕರು. ಮಾರಿದವರಿಗೆ ಮೇಲ್ ಮಾಡಿದರೆ ಬೆಲ್ಟ್ ಬಿಡಿಯಾಗಿ ಕೊಡಲ್ಲ ಅಂತ ಬಂತು.

ಕೊನೆಗೆ ಚಪ್ಪಲಿ ಹೊಲಿಯುವವರ ಹತ್ತಿರ ಕೂತು ಚರ್ಮ ಕತ್ತರಿಸಿ ಓರೆಯಾಗಿ ಹೊಲಿಸಿದೆ. 200 ರೂಪಾಯಿ. ನೋಡಲು ಪರವಾಗಿಲ್ಲ. ಆದರೆ ಸ್ಕೂಟರ್ ಹ್ಯಾಂಡಲ್ ಹಿಡಿದು ಮಣಿಕಟ್ಟು ಮಡಚಿದರೆ ಸಾಕು, ಆ ದಪ್ಪ ಹೊಲಿಗೆ ಚುಚ್ಚೋದು. ನಾನು ದಿನಾ 22 ಕಿಲೋಮೀಟರ್ ಓಡಿಸೋನು. ಒಂದು ವಾರಕ್ಕೆ ಕೈ ಕೆಂಪಾಯಿತು. ಬೆಲ್ಟ್ ಬಿಚ್ಚಿ ವಾಚನ್ನು ಡ್ರಾಯರಿಗೆ ಹಾಕಿದೆ.

ಟಿವಿ ವಾಚಿಗೆ ಈ ಗೋಳೇ ಇಲ್ಲ. ಆಕಾರ ಎಷ್ಟೇ ಬೇರೆ ಇರಲಿ, ಬೆಲ್ಟ್ ಕೂರುವ ಜಾಗ ಮಾತ್ರ ನೆಟ್ಟಗೆ, 18 ಎಂಎಂ. ಯಾವ ಬೀದಿ ಬದಿಯಲ್ಲೂ ಸಿಗುತ್ತೆ. ಗ್ಲಾಸ್ ಒಡೆದರೆ ಮಾತ್ರ ಸ್ವಲ್ಪ ಕಷ್ಟ: ದುಂಡು ಗ್ಲಾಸಾದರೆ ರಿಪೇರಿಯವರ ಡಬ್ಬದಲ್ಲೇ ಸೈಜುವಾರು ಇರುತ್ತೆ, ಇದನ್ನು ಕತ್ತರಿಸಿ ಅರ ಹಾಕಿ ಕೂರಿಸಬೇಕು.

ನೀರು: ಎರಡಕ್ಕೂ ಆಗಿಬರಲ್ಲ. ದುಂಡು ವಾಚಿನ ಮುಚ್ಚಳ ತಿರುಪಿ ಬಿಗಿ ಮಾಡಬಹುದು, ಮೂಲೆ ಇರುವ ಮುಚ್ಚಳ ತಿರುಗೋದು ಹೇಗೆ? ಮಳೆ ಬಂದರೆ ಬಿಚ್ಚಿ ಜೇಬಿಗೆ.

ನಡುವೆ ಹೆಂಡತಿಯ ಉದ್ದ ಚೌಕದ ವಾಚನ್ನೂ ಒಂದು ವಾರ ಕಟ್ಟಿದೆ. 1917ರ ಕಾರ್ಟಿಯೇ ಕಂಪನಿಯ 'ಟ್ಯಾಂಕ್' ಅನ್ನೋ ಉದ್ದ ಚೌಕದ ವಾಚಿನ ದೂರದ ನೆಂಟ ಅನ್ನಿ. ಅಂಗಿ ತೋಳಿನೊಳಗೆ ಸಲೀಸಾಗಿ ಜಾರುತ್ತೆ. ಆದರೆ ದೊಡ್ಡ ಮುಳ್ಳು ಅಗಲಕ್ಕೆ ತಕ್ಕಷ್ಟೇ ಉದ್ದ ಇರಬೇಕಲ್ವಾ, ಹಾಗಾಗಿ 12ರ ಹತ್ತಿರ ಬಂದಾಗ ಅಂಕಿಯಿಂದ ಮಾರು ದೂರ ನಿಲ್ಲುತ್ತೆ. 58 ನಿಮಿಷವೋ 59ವೋ ಅಂದಾಜಿನ ಮೇಲೆ. ಬಸ್ ಹಿಡಿಯೋರಿಗೆ ಬೇಡ.

ದಿನಾ ಸೂಟು ಹಾಕಿ ಕಾರಲ್ಲಿ ಓಡಾಡೋರು, ಬೆಲ್ಟ್ ಹೋದರೆ ಹೊಸ ವಾಚೇ ಕೊಳ್ಳೋರು ತ್ರಿಕೋನ ತಗೊಳ್ಳಲಿ. ನನ್ನಂಥ ಮೂರು ಸಾವಿರದೊಳಗಿನ ಗಿರಾಕಿಗಳು ಹಳೇ ಚೌಕ ಎಚ್‌ಎಂಟಿ ಹುಡುಕಿ. ಕೊಳ್ಳುವ ಮುಂಚೆ ಬೆಲ್ಟಿನ ಜಾಗಕ್ಕೆ ಸ್ಕೇಲ್ ಇಡಿ.

ತ್ರಿಕೋನವನ್ನು ಮಾರೋಕೆ ಮನಸ್ಸಾಗಿಲ್ಲ. ಸೆಲ್ ಇನ್ನೂ ಇದೆ. ಡ್ರಾಯರ್ ತೆಗೆದಾಗಲೆಲ್ಲ ಬೆಲ್ಟಿಲ್ಲದೆ ಮಲಗಿಕೊಂಡೇ ಟೈಮ್ ತೋರಿಸುತ್ತಿರುತ್ತೆ, ಅದೂ ನನ್ನ ಕೈಯಲ್ಲಿರುವುದಕ್ಕಿಂತ ಸರಿಯಾಗಿ.